ಸರ್ಫಿಂಗ್‌ಗೆ ಬೀಚ್ ಆರಿಸುವಾಗ ನಾನು ಮೊದಲು ನೋಡುವುದು ನೀರಿನ ಕೆಳಗಿನ ನೆಲ

ತುಮಕೂರಿನಿಂದ ಸಮುದ್ರ 300 ಕಿ.ಮೀ.ಗಿಂತ ಜಾಸ್ತಿ ದೂರ. ಶುಕ್ರವಾರ ರಾತ್ರಿ ಹೊರಟು, ಕುಣಿಗಲ್‌ನಲ್ಲಿ 75ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ದಾಟಿದರೆ ಬೆಳಕು ಹರಿಯುವ ಹೊತ್ತಿಗೆ ಕರಾವಳಿ. ಕಡಲ ದಂಡೆಯಲ್ಲೇ ಇರುವವರು ಇವತ್ತು ಅಲೆ ಸರಿಯಿಲ್ಲ ಅಂದರೆ ನಾಳೆ ಬರುತ್ತಾರೆ. ನಮಗೆ ಸಿಗೋದು ಎರಡು ಬೆಳಗು ಅಷ್ಟೇ. ಅದಕ್ಕೇ ಬೀಚ್ ಆರಿಸೋದು ನಮ್ಮಂಥ ಬಯಲುಸೀಮೆಯವರಿಗೆ ದೊಡ್ಡ ವಿಷಯ.

ಚೆಂದದ ಬೀಚೆಲ್ಲ ಸರ್ಫಿಂಗ್‌ಗೆ, ಅಂದರೆ ಬೋರ್ಡಿನ ಮೇಲೆ ನಿಂತು ಅಲೆಯ ಜೊತೆ ಜಾರುವ ಆಟಕ್ಕೆ, ಆಗುವುದಿಲ್ಲ. ಮರವಂತೆಯನ್ನೇ ತಗೊಳ್ಳಿ. ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಅರಬ್ಬಿ ಸಮುದ್ರ, ನಡುವೆ ಹೆದ್ದಾರಿ. ಕಾರು ನಿಲ್ಲಿಸದೆ ಮುಂದೆ ಹೋಗಲು ಮನಸ್ಸೇ ಬರುವುದಿಲ್ಲ. ಆದರೆ ಕೊರೆತ ತಡೆಯಲು ದಡಕ್ಕೆ ದೊಡ್ಡ ದೊಡ್ಡ ಕಲ್ಲು ಹಾಕಿದ್ದಾರೆ. ಅಲೆ ನಿಮ್ಮನ್ನು ಎಸೆದರೆ ಎಸೆಯೋದು ಆ ಕಲ್ಲಿನ ಮೇಲೆ. ಕಾಪುವಿನಲ್ಲಿ 1901ರ ದೀಪಸ್ತಂಭದ ಸುತ್ತಮುತ್ತ ಬಂಡೆಗಳಿವೆ. ಅಲ್ಲಿ ಸೂರ್ಯಾಸ್ತ ನೋಡಿ, ಬೋರ್ಡು ಇಳಿಸಬೇಡಿ.

ಅಲೆ ಒಡೆಯುವುದು ನೆಲದಿಂದ. ನೀರಿನ ಆಳ ಅಲೆಯ ಎತ್ತರದ 1.3 ಪಟ್ಟಿನಷ್ಟಕ್ಕೆ ಇಳಿದಾಗ ಅಲೆ ಮಗುಚುತ್ತದೆ. ಒಂದು ಮೀಟರ್ ಅಲೆಗೆ ಸುಮಾರು 1.3 ಮೀಟರ್ ನೀರು. ನೆಲ ನಿಧಾನಕ್ಕೆ ಏರುತ್ತಾ ಬಂದರೆ ಅಲೆಯೂ ನಿಧಾನಕ್ಕೆ ಒಡೆದು ದಡದವರೆಗೆ ತಳ್ಳುತ್ತದೆ. ಕಲಿಯುವವರಿಗೆ ಬೇಕಾದದ್ದು ಇದೇ. ದಡ ಕಡಿದಾಗಿದ್ದರೆ ಅಲೆ ಕಾಲ ಬುಡದಲ್ಲೇ ದಬ್ ಅಂತ ಬೀಳುತ್ತದೆ, ಕುತ್ತಿಗೆಗೆ ಪೆಟ್ಟಾಗುವುದು ಅಂಥ ಕಡೆ. ನೀರಿಗೆ ಇಳಿಯುವ ಮುಂಚೆ, ಕಡಲು ಹಿಂದಕ್ಕೆ ಸರಿಯುವ ಇಳಿತದ ಹೊತ್ತಿನಲ್ಲಿ ದಂಡೆ ಮೇಲೆ ಒಮ್ಮೆ ನಡೆದು ನೋಡಿ. ಒದ್ದೆ ಮರಳು ಅಗಲವಾಗಿ ಚಪ್ಪಟೆಯಾಗಿ ಹಾಸಿದ್ದರೆ ಒಳಗಿನ ನೆಲವೂ ಸಾಮಾನ್ಯವಾಗಿ ಹಾಗೇ ಇರುತ್ತದೆ.

ಈ ಲೆಕ್ಕದಲ್ಲಿ ನನಗೆ ಅತಿ ಇಷ್ಟವಾದ ಜಾಗ ಮೂಲ್ಕಿ ಹತ್ತಿರದ ಸಸಿಹಿತ್ಲು. ಶಾಂಭವಿ, ನಂದಿನಿ ಎರಡೂ ನದಿಗಳು ಒಟ್ಟಿಗೆ ಕಡಲು ಸೇರುವ ಅಳಿವೆ ಅಲ್ಲಿದೆ. ನದಿ ತಂದ ಮರಳನ್ನು ಕಡಲು ಹಿಂದಕ್ಕೆ ತಳ್ಳುತ್ತದೆ, ನಡುವೆ ದಿಬ್ಬ ಕಟ್ಟಿಕೊಳ್ಳುತ್ತದೆ. ದಡದಲ್ಲಿ ನಿಂತರೆ ಆ ದಿಬ್ಬ ಕಾಣಿಸುವುದಿಲ್ಲ. ಆದರೆ ದೂರದಲ್ಲಿ ಬಿಳಿ ನೊರೆ ಪ್ರತಿಸಲ ಒಂದೇ ಜಾಗದಲ್ಲಿ ಏಳುತ್ತದೆ ನೋಡಿ, ದಿಬ್ಬ ಇರುವುದು ಅಲ್ಲೇ. ಒಳ್ಳೆಯ ದಿನ ಅಲೆ ಒಂದು ತುದಿಯಲ್ಲಿ ಒಡೆಯಲು ಶುರುವಾಗಿ, ಪಕ್ಕಕ್ಕೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಇನ್ನೂ ಒಡೆಯದ ಆ ಹಸಿರು ಗೋಡೆಯ ಮೇಲೆ ಓರೆಯಾಗಿ ಜಾರುವ ಖುಷಿಗೇ ಅಷ್ಟು ದೂರದಿಂದ ಹೋಗುವುದು. ಉದ್ದಕ್ಕೂ ಒಂದೇ ಸಲ ಕುಸಿದರೆ ಆ ಅಲೆ ನಮಗೆ ಪ್ರಯೋಜನವಿಲ್ಲ. 2016ರಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದೂ ಇಲ್ಲೇ. ಮೂಲ್ಕಿಯ ಮಂತ್ರ ಸರ್ಫ್ ಕ್ಲಬ್ 2004ರಿಂದಲೇ ಇದೆ, ಹೊಸಬರು ತರಬೇತುದಾರರ ಜೊತೆಯಲ್ಲೇ ಇಳಿಯಬೇಕು. ಪ್ರತಿ ಮಳೆಗಾಲ ಮುಗಿದ ಮೇಲೆ ಮರಳು ಜಾಗ ಬದಲಿಸಿರುತ್ತದೆ, ಹೋದ ವರ್ಷ ನೋಡಿದ ದಿಬ್ಬವನ್ನು ನಂಬಬಾರದು.

ಅಳಿವೆ ಬಾಗಿಲಿಗೆ ಮಾತ್ರ ತೀರಾ ಹತ್ತಿರ ಹೋಗಬೇಡಿ. ಇಳಿತದಲ್ಲಿ ನದಿ ನೀರು ಜೋರಾಗಿ ಕಡಲಿಗೆ ಎಳೆಯುತ್ತದೆ. ನಾವೆಲ್ಲ ತೋಟದ ಬಾವಿಯಲ್ಲೋ ಕೆರೆಯಲ್ಲೋ ಈಜು ಕಲಿತವರು, ಅಲ್ವಾ? ಆ ನೀರು ನಿಂತ ನೀರು, ಎಳೆಯುವುದಿಲ್ಲ. ಕಡಲಲ್ಲಿ ಅಲೆ ಒಡೆಯದೆ ಶಾಂತವಾಗಿ, ಸ್ವಲ್ಪ ಕಪ್ಪಗೆ ಕಾಣುವ ಓಣಿಯೇ ಎಷ್ಟೋ ಸಲ ರಿಪ್ ಕರೆಂಟ್, ಅಂದರೆ ದಡದಿಂದ ಕಡಲೊಳಗೆ ಎಳೆದೊಯ್ಯುವ ಸೆಳೆತ. ಹೊಸಬರು ಇದೇ ಸುರಕ್ಷಿತ ಅಂದುಕೊಂಡು ಅಲ್ಲೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಗುದ್ದಾಡದೆ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ನಾನು ಅರ್ಧ ಗಂಟೆ ಸುಮ್ನೆ ಕೂತು ನೋಡುತ್ತೇನೆ. ಹೊಲಕ್ಕೆ ಮಳೆ ಬಿದ್ದಾಗ ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಕೊಚ್ಚಿಕೊಂಡು ಹೋಗುತ್ತದೆ ಅಂತ ರೈತ ಬದುವಿನ ಮೇಲೆ ನಿಂತು ನೋಡುವ ಹಾಗೆ. ಆಮೇಲೆ ಬಲೆ ಸರಿಮಾಡುತ್ತಾ ಕೂತಿರುವ ಮೀನುಗಾರರನ್ನು ಕೇಳುತ್ತೇನೆ: ಇವತ್ತು ಸೆಳೆತ ಎಲ್ಲಿದೆ? ಬಲೆ ಎಲ್ಲಿ ಬಿಟ್ಟಿದ್ದೀರಿ? ಅಲೆಯ ಮುನ್ಸೂಚನೆ ಕೊಡುವ ಯಾವ ಆ್ಯಪಿನಲ್ಲೂ ಈ ಉತ್ತರ ಸಿಗುವುದಿಲ್ಲ.

ಆ್ಯಪು ಬೇಕಾಗುವುದು ಹೊರಡುವ ಮುಂಚೆ. ಅಲೆಯ ಎತ್ತರಕ್ಕಿಂತ ಎರಡು ಅಲೆಗಳ ನಡುವಿನ ಸೆಕೆಂಡು ನೋಡಿ. ಒಂದೇ ಮೀಟರ್ ಎತ್ತರದ ಅಲೆ 12 ಸೆಕೆಂಡಿಗೊಮ್ಮೆ ಬಂದರೆ ಅದಕ್ಕೆ ದೂರದಿಂದ ಬಂದ ಶಕ್ತಿ ಇರುತ್ತದೆ. 6 ಸೆಕೆಂಡಿಗೊಮ್ಮೆ ಬಂದರೆ ಬರೀ ಗಾಳಿಯ ಗಲಿಬಿಲಿ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ಅಲೆಯ ಮುಖ ನುಣುಪಾಗಿರುತ್ತದೆ. ಬಿಸಿಲೇರಿದ ಮೇಲೆ ಕಡಲ ಗಾಳಿ ತಿರುಗಿ ಎಲ್ಲ ಕದಡುತ್ತದೆ. ರಾತ್ರಿ ಪ್ರಯಾಣ ಮಾಡಿ ಬೆಳಿಗ್ಗೆಯೇ ನೀರಿಗಿಳಿಯೋದು ಇದಕ್ಕೇ.

ಉಡುಪಿ ಕಡೆ ಹೋದರೆ ಕೋಡಿ ಬೆಂಗ್ರೆಯೂ ಅಳಿವೆಯ ಊರೇ. ಗೋಕರ್ಣದ ಕುಡ್ಲೆಯಲ್ಲಿ ನಡುವೆ ಮರಳು, ಎರಡೂ ತುದಿಯಲ್ಲಿ ಬಂಡೆ, ಹಾಗಾಗಿ ನಡುವೆಯೇ ಇರಿ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಅಲೆ ಸಣ್ಣದು, ಕಲಿಯಲು ಹೇಳಿ ಮಾಡಿಸಿದ್ದು. ಮೇ ಹೊತ್ತಿಗೆ ದೊಡ್ಡದಾಗುತ್ತದೆ. ಜೂನ್‌ನಿಂದ ಮುಂಗಾರಿನ ಕಡಲು ನಮ್ಮಂಥವರಿಗಲ್ಲ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೇ ಕಡಲಿಗಿಳಿಯುವಂತಿಲ್ಲ.

ಆ ತಿಂಗಳುಗಳಲ್ಲಿ ನಾನು ಕೋಲಾರದ ಗೆಳೆಯರ ಜೊತೆ ಉಲ್ಟಾ ದಿಕ್ಕಿಗೆ ಹೋಗುತ್ತೇನೆ. ಅದೇ 75ನೇ ಹೆದ್ದಾರಿ ಕೋಲಾರ, ಮುಳಬಾಗಿಲು ದಾಟಿ ವೆಲ್ಲೂರಿಗೆ ಹೋಗುತ್ತದೆ. ಅಲ್ಲಿಂದ ಮುಂದೆ ಚೆನ್ನೈ ಪಕ್ಕದ ಕೋವಳಂ, ಮಹಾಬಲಿಪುರಂ. ನಮ್ಮ ಕಡೆ ಅಲೆಯನ್ನು ಕದಡುವ ಪಶ್ಚಿಮದ ಗಾಳಿ ಅಲ್ಲಿ ನೆಲದ ಕಡೆಯಿಂದ ಬೀಸಿ ಅಲೆಯನ್ನು ನೆಟ್ಟಗೆ ನಿಲ್ಲಿಸುತ್ತದೆ. 2025ರ ಆಗಸ್ಟ್‌ನಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್ ನಡೆದದ್ದು ಮಹಾಬಲಿಪುರಂನಲ್ಲೇ. ಕೋಲಾರ, ಚಿಕ್ಕಬಳ್ಳಾಪುರದವರಿಗೆ ಮಂಗಳೂರಿಗಿಂತ ಆ ಕಡಲೇ ಹತ್ತಿರ. ಆದರೆ ಹಿಂಗಾರು ಶುರುವಾಗುವ ಮುಂಚೆ ಹೋಗಿ ಬನ್ನಿ. ಆಮೇಲೆ ಆ ಕಡೆ ಕಡಲು ಕೆರಳುತ್ತದೆ, ಸಸಿಹಿತ್ಲು ಮತ್ತೆ ಸರಿಯಾಗಿರುತ್ತದೆ.