ದ್ರಾಕ್ಷಿ ತೋಟದ ಬ್ಯಾಕ್ಟೀರಿಯಾ ಎಷ್ಟು ತಾಮ್ರ ತಡೆಯುತ್ತವೆ: ನಾನು ಅಳೆಯುವ ರೀತಿ

ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಗೆ ಡೌನಿ ರೋಗ ಬಂದರೆ ಬೋರ್ಡೋ ದ್ರಾವಣ ಹೊಡೆಯುವುದು ಹಳೇ ರೂಢಿ. ಶೇ. 1ರ ದ್ರಾವಣವೆಂದರೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ. ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರವೇ. ಅದು ಕೊಳೆಯುವಂಥದ್ದಲ್ಲ, ಹೆಚ್ಚಿನದು ಮೇಲ್ಮಣ್ಣಲ್ಲೇ ಉಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದರ ಜೊತೆ ಹೇಗೆ ಬದುಕುತ್ತವೆ ಎಂದು ನೋಡಲು ಪದವಿ ಕಾಲೇಜಿನ ಲ್ಯಾಬ್ ಸಾಕು.

ಸ್ಟಾಕ್ (ಆಮೇಲೆ ತೆಳುಮಾಡಿ ಬಳಸುವ ಗಟ್ಟಿ ದ್ರಾವಣ) 1 ಮೋಲಾರ್: ಲ್ಯಾಬ್ ದರ್ಜೆಯ ಮೈಲುತುತ್ತಿನ (ಕಾಪರ್ ಸಲ್ಫೇಟ್) ನೀಲಿ ಹರಳು 24.97 ಗ್ರಾಂ ಕರಗಿಸಿ, ಒಟ್ಟು 100 ಮಿ.ಲೀ. ಮಾಡಿ, 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸುತ್ತೇನೆ. ಡಬ್ಬಿಯಲ್ಲಿ ಬಿಳಿ ಪುಡಿಯಿದ್ದರೆ ಅದು ನೀರಿನಂಶ ಹೋದದ್ದು, 15.96 ಗ್ರಾಂ ಸಾಕು. ಗಾಜಿನ ಸಾಮಾನನ್ನು ಶೇ. 10ರ ನೈಟ್ರಿಕ್ ಆಮ್ಲದಲ್ಲಿ ರಾತ್ರಿಯಿಡೀ ನೆನೆಸಿ ತೊಳೆಯಬೇಕು. ಬೋರ್‌ವೆಲ್ ನೀರು ಬೇಡ. ತಾಮ್ರದ ಭಾಗಗಳಿರುವ ಹಳೇ ಡಿಸ್ಟಿಲೇಷನ್ ಯಂತ್ರದ ನೀರಂತೂ ಬೇಡವೇ ಬೇಡ.

ನ್ಯೂಟ್ರಿಯಂಟ್ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಮಾಧ್ಯಮ) ಆಟೋಕ್ಲೇವ್‌ನ ಹಬೆಯಲ್ಲಿ ಶುದ್ಧವಾಗಿ 50 ಡಿಗ್ರಿಗೆ ಇಳಿದ ಮೇಲಷ್ಟೇ ತಾಮ್ರ ಸೇರಿಸುತ್ತೇನೆ. 100 ಮಿ.ಲೀ.ಗೆ 0.1 ಮಿ.ಲೀ. ಸ್ಟಾಕ್ ಎಂದರೆ 1 ಮಿಲಿಮೋಲಾರ್. 0, 1, 2, 3, 4 ಮಿಲಿಮೋಲಾರ್ ಹೀಗೆ ಪ್ಲೇಟ್‌ಗಳ ಸಾಲು. ಬ್ಯಾಕ್ಟೀರಿಯಾ ಎಲ್ಲಿಯವರೆಗೆ ಬೆಳೆಯುತ್ತದೋ ಅದೇ ಅದರ ತಡೆಮಟ್ಟ. 4ರ ಪ್ಲೇಟ್‌ನಲ್ಲಿ ಪಿಎಚ್ ಇಳಿದಿರುತ್ತದೆ, ನೋಡದೆ ಬಿಟ್ಟರೆ ಆಮ್ಲಕ್ಕೆ ಸತ್ತದ್ದನ್ನು ತಾಮ್ರದ ಲೆಕ್ಕಕ್ಕೆ ಬರೆದಂತಾಗುತ್ತದೆ. ಬಫರ್ (ಪಿಎಚ್ ಬದಲಾಗದಂತೆ ಹಿಡಿಯುವ ವಸ್ತು) ಬೇಕೆಂದರೆ ಮಾಪ್ಸ್ ಅಥವಾ ಹೆಪೆಸ್. ಫಾಸ್ಫೇಟ್ ಹಾಕಿದರೆ ತಾಮ್ರ ಕರಗದ ಗಸಿಯಾಗಿ ತಳ ಸೇರುತ್ತದೆ, ಟ್ರಿಸ್ ತಾಮ್ರವನ್ನೇ ಹಿಡಿದುಕೊಳ್ಳುತ್ತದೆ.

ಮಾಧ್ಯಮದಲ್ಲಿರುವ ಪೆಪ್ಟೋನ್ (ಪ್ರೋಟೀನ್ ತುಣುಕುಗಳು) ಕೂಡ ತಾಮ್ರವನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ಪ್ರಯೋಗಾಲಯದ ಇ. ಕೋಲಿ ಬ್ಯಾಕ್ಟೀರಿಯಾ ಪೆಪ್ಟೋನ್ ಇರುವ ಎಲ್‌ಬಿ ಅಗರ್‌ನಲ್ಲಿ ಸುಮಾರು 3ರಿಂದ 4 ಮಿಲಿಮೋಲಾರ್ ತನಕ ಎಳೆದರೂ, ಬರಿ ಲವಣ-ಗ್ಲೂಕೋಸ್ ಮಾಧ್ಯಮದಲ್ಲಿ ಬಹಳ ಬೇಗ ಕೈಚೆಲ್ಲುತ್ತದೆ. ಮಾಧ್ಯಮದ ಹೆಸರಿಲ್ಲದೆ ಹೇಳಿದ ತಡೆಮಟ್ಟಕ್ಕೆ ನಾನು ಬೆಲೆ ಕೊಡುವುದಿಲ್ಲ. ಲೆಕ್ಕಕ್ಕೆ ಬರುವುದು ಯಾವುದೂ ಹಿಡಿದುಕೊಳ್ಳದ ಬಿಡಿ ತಾಮ್ರ ಮಾತ್ರ.

ಕೋಶದೊಳಗೂ ಇದೇ ಕಥೆ. ಬಿಡಿ ತಾಮ್ರ ಕಬ್ಬಿಣ-ಗಂಧಕದ ಗುಚ್ಛವಿರುವ ಕಿಣ್ವಗಳನ್ನು ಕೆಡಿಸುತ್ತದೆ. ಹಾಗಾಗಿ ಇ. ಕೋಲಿಯ ಕ್ಯೂಆರ್ (CueR) ಎಂಬ ನಿಯಂತ್ರಕ ಪ್ರೋಟೀನ್ ಅತ್ಯಲ್ಪ ತಾಮ್ರಕ್ಕೇ ಎಚ್ಚೆತ್ತು ಎರಡು ಜೀನ್‌ಗಳನ್ನು ಚಾಲೂ ಮಾಡುತ್ತದೆ: ಒಂದು ಕಾಪ್‌ಎ (CopA), ಇನ್ನೊಂದು ಕ್ಯೂಓ (CueO). ಕಾಪ್‌ಎ ಪಂಪು ಎಟಿಪಿ ಖರ್ಚು ಮಾಡಿ ಏಕಧನ (Cu⁺) ತಾಮ್ರವನ್ನು ಒಳಪೊರೆಯಾಚೆ ಪೆರಿಪ್ಲಾಸಂಗೆ (ಒಳ-ಹೊರ ಪೊರೆಗಳ ನಡುವಿನ ಜಾಗ) ದೂಡುತ್ತದೆ, ಅಲ್ಲಿ ಕ್ಯೂಓ ಕಿಣ್ವ ಅದನ್ನು ಅಷ್ಟು ಅಪಾಯವಿಲ್ಲದ ದ್ವಿಧನ (Cu²⁺) ರೂಪಕ್ಕೆ ತಿರುಗಿಸುತ್ತದೆ. ಒತ್ತಡ ಹೆಚ್ಚಾದರೆ ಕಸ್ ಪಂಪು ಪೆರಿಪ್ಲಾಸಂನಿಂದ ನೇರ ಹೊರಗೆ ಎಸೆಯುತ್ತದೆ. ಮಣ್ಣಲ್ಲಿ ಧಾರಾಳವಾಗಿ ಸಿಗುವ ಬ್ಯಾಸಿಲಸ್‌ನಲ್ಲಿ ಕಾಪ್‌ಜೆಡ್ ಎಂಬ ಪುಟ್ಟ ಪ್ರೋಟೀನ್ ತನ್ನಲ್ಲಿನ ಎರಡು ಸಿಸ್ಟೀನ್‌ಗಳ (ಗಂಧಕವಿರುವ ಅಮೈನೋ ಆಮ್ಲ) ನಡುವೆ ತಾಮ್ರ ಹಿಡಿದು ಪಂಪಿನ ಕೈಗೇ ಕೊಡುತ್ತದೆ. ಉಸಿರಾಟದ ಸೈಟೋಕ್ರೋಮ್ ಸಿ ಆಕ್ಸಿಡೇಸ್‌ಗೆ ತಾಮ್ರ ಕೂರಿಸಲು ಸ್ಕೋ ಎಂಬ ಬೇರೆ ಪ್ರೋಟೀನ್ ಬೇಕು. ಎಲ್ಲೂ ತಾಮ್ರವನ್ನು ಒಂಟಿಯಾಗಿ ಓಡಾಡಲು ಬಿಡುವುದಿಲ್ಲ.

ಕ್ಯೂಓ ಕೆಲಸಕ್ಕೆ ಆಮ್ಲಜನಕ ಬೇಕು. ಇ. ಕೋಲಿಯ ಅದೇ ಪ್ಲೇಟ್ ಸಾಲನ್ನು ಗ್ಯಾಸ್‌ಪ್ಯಾಕ್ (ಆಮ್ಲಜನಕ ತೆಗೆಯುವ ಪೊಟ್ಟಣ) ಹಾಕಿದ ಆಮ್ಲಜನಕರಹಿತ ಜಾರ್‌ನಲ್ಲಿಟ್ಟರೆ ತಡೆಮಟ್ಟ ಕುಸಿಯುವುದು ಕಣ್ಣಿಗೇ ಕಾಣುತ್ತದೆ. ಮೇಣದಬತ್ತಿ ಜಾರ್ ಸಾಲದು, ಬತ್ತಿ ಆರಿದ ಮೇಲೂ ಆಮ್ಲಜನಕ ಬೇಕಾದಷ್ಟು ಉಳಿದಿರುತ್ತದೆ.

ಮಣ್ಣಿನ ಕೆಲಸ ಸುಲಭ. 1 ಗ್ರಾಂ ಮಣ್ಣು, ಶೇ. 0.85ರ ಉಪ್ಪುನೀರು 9 ಮಿ.ಲೀ., ಚೆನ್ನಾಗಿ ಕುಲುಕಿ ಹತ್ತು ಹತ್ತು ಪಟ್ಟು ತೆಳುಮಾಡಿ ಪ್ಲೇಟ್‌ಗೆ 0.1 ಮಿ.ಲೀ. ಹರಡುವುದು. 28ರಿಂದ 30 ಡಿಗ್ರಿಯಲ್ಲಿ ಮೂರು ದಿನ. ಬೂಷ್ಟು ಮುಚ್ಚಿಕೊಂಡರೆ ಬೂಷ್ಟು ತಡೆಯುವ ಸೈಕ್ಲೋಹೆಕ್ಸಿಮೈಡ್ ಸೇರಿಸಿ (ವಿಷ, ಗ್ಲೌಸ್ ಕಡ್ಡಾಯ). ಪಕ್ಕದ ಬೀಳು ಜಮೀನಿನ ಮಣ್ಣನ್ನೂ ಜೊತೆಗಿಡಿ, ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ.

ಹೆಚ್ಚು ತಾಮ್ರದ ಪ್ಲೇಟ್‌ನಲ್ಲಿ ಕಾಲನಿಯ ಬಣ್ಣ ಗಮನಿಸಿ. ತಾಮ್ರವನ್ನು ಕೂಡಿಟ್ಟುಕೊಳ್ಳುವ ಕೆಲವು ಸ್ಯೂಡೋಮೊನಾಸ್ ನೀಲಿಗಟ್ಟುತ್ತವೆ, ಪಿಕೋ (pco) ಎಂಬ ತಾಮ್ರ ತಡೆಯುವ ಜೀನ್‌ಗಳಿರುವ ಇ. ಕೋಲಿ ಕಂದುತ್ತದೆ. ಇಂಥ ಕಾಲನಿ ಸಿಕ್ಕರೆ ತಾಮ್ರವಿಲ್ಲದ ಅಗರ್‌ನಲ್ಲಿ ಹಲವು ಬಾರಿ ದಾಟಿಸಿ ಮತ್ತೆ ತಾಮ್ರಕ್ಕೆ ತರುತ್ತೇನೆ. ತಡೆಶಕ್ತಿ ಕಳೆದುಹೋಗಿದ್ದರೆ ಜೀನ್ ಪ್ಲಾಸ್ಮಿಡ್ (ಮುಖ್ಯ ಡಿಎನ್‌ಎಯಿಂದ ಬೇರೆಯಾಗಿರುವ ಪುಟ್ಟ ಡಿಎನ್‌ಎ) ಮೇಲಿತ್ತೆಂದು ಮೊದಲ ಅನುಮಾನ.