ತಾಳ ಬಿದ್ದಲ್ಲೆಲ್ಲ ಕತ್ತರಿ ಬೇಡ: ಹಾಡಿನ ವಿಡಿಯೊ ಎಡಿಟ್ ಮಾಡುವುದು ಹೇಗೆ?

ಈಚಿನ ಆಲ್ಬಂ ಹಾಡುಗಳಿಗೆಲ್ಲ ಅಂಟಿರುವ ರೋಗ ಒಂದೇ: ತಬಲಾದ ಪ್ರತಿ ಪೆಟ್ಟಿಗೂ ಶಾಟ್ ಬದಲಾಗುತ್ತದೆ. ಮೊದಲ ಅರ್ಧ ನಿಮಿಷ ಚುರುಕಾಗಿ ಕಾಣುತ್ತದೆ. ಆಮೇಲೆ ಮುಂದಿನ ಕಟ್ ಎಲ್ಲಿ ಬೀಳುತ್ತದೆಂದು ಕಣ್ಣಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಹಾಡಿನ ಭಾವವೂ ಇಲ್ಲ, ಕಥೆಯೂ ಇಲ್ಲ. ಕೆಲಸಕ್ಕೆಂದು ಊರು ಬಿಟ್ಟು ಹೊರಟ ಮಗಳು, ಬಸ್ ಹತ್ತಿಸಲು ಬಂದ ತಾಯಿ, ಇಂಥದೊಂದು ನಾಲ್ಕು ನಿಮಿಷದ ಭಾವಗೀತೆ ನಿಮ್ಮ ಕೈಯಲ್ಲಿದೆ ಎಂದುಕೊಳ್ಳಿ.

ಮೊದಲು ಫೈಲುಗಳು

ಸ್ಟುಡಿಯೊದವರಿಂದ 48 ಕಿಲೊಹರ್ಟ್ಸ್‌ನ ವೇವ್ (ಕುಗ್ಗಿಸದ ಮೂಲ ದನಿ) ಫೈಲನ್ನೇ ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಎಂಪಿ3 ಮೇಲೆ ಕೆಲಸ ಶುರು ಮಾಡಿದರೆ ಕೊನೆಗೆ ತಲೆನೋವು ಖಚಿತ. ಎಂಪಿ3ಯ ಆರಂಭದಲ್ಲಿ ಚೂರು ಮೌನ ಸೇರಿಕೊಂಡಿರುತ್ತದೆ. ಅಸಲಿ ಫೈಲ್ ಹಾಕಿದೊಡನೆ ಕಟ್‌ಗಳೆಲ್ಲ ಜರುಗುತ್ತವೆ.

ಮೊಬೈಲಿನಲ್ಲಿ ತೆಗೆದ ದೃಶ್ಯಗಳ ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಬಿಡಿ ಚಿತ್ರ, ಎಂಬ ಲೆಕ್ಕ) ಏರಿಳಿಯುತ್ತಿರುತ್ತದೆ. ಪಲ್ಲವಿಯಲ್ಲಿ ತುಟಿ ಹಾಡಿಗೆ ಸರಿಯಾಗಿ ಕೂತಂತೆ ಕಂಡು ಎರಡನೇ ಚರಣದ ಹೊತ್ತಿಗೆ ತಪ್ಪುವುದು ಇದರಿಂದಲೇ. ಉಚಿತವಾಗಿ ಸಿಗುವ ವಿಡಿಯೊ ಪರಿವರ್ತನೆ ತಂತ್ರಾಂಶ ಹ್ಯಾಂಡ್‌ಬ್ರೇಕ್‌ನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' (ಏರಿಳಿಯದ ಫ್ರೇಮ್ ರೇಟ್) ಆರಿಸಿ ಮೊದಲು ಪರಿವರ್ತಿಸಿಕೊಳ್ಳಿ. ಎಡಿಟಿಂಗಿಗೆ ಡವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಧಾರಾಳ ಸಾಕು. ಕ್ಲಿಪ್‌ಗಳನ್ನು ತರುವ ಮುನ್ನವೇ ಪ್ರಾಜೆಕ್ಟಿನ ಫ್ರೇಮ್ ರೇಟ್ ನಿಗದಿ ಮಾಡಿ, ಆಮೇಲೆ ಅದನ್ನು ಬದಲಿಸಲಾಗದು. ಗಾಯಕರ ಟೇಕ್‌ಗಳನ್ನು ವೇವ್‌ಫಾರ್ಮ್ (ದನಿಯ ಅಲೆಯ ಚಿತ್ರ) ನೋಡಿ ಹಾಡಿನೊಡನೆ ಸಿಂಕ್ ಮಾಡುವ, ಅಂದರೆ ಹೊಂದಿಸುವ ಕೆಲಸ ತಂತ್ರಾಂಶಕ್ಕೇ ಬಿಡಿ.

ಒಂದು ಹಾಳೆ

ಎಡಕ್ಕೆ ಹಾಡಿನ ಸಾಲು, ಬಲಕ್ಕೆ ಆ ಸಾಲಿನಲ್ಲಿ ನೋಡುಗರಿಗೆ ಹೊಸದಾಗಿ ತಿಳಿಯಬೇಕಾದ ಸಂಗತಿ ಬರೆಯಿರಿ. 'ಮಳೆ' ಎಂದಾಗ ಮಳೆ, 'ಹಕ್ಕಿ' ಎಂದಾಗ ಹಕ್ಕಿ ತೋರಿಸಬೇಡಿ. ಕಿವಿಗೆ ಬಿದ್ದದ್ದನ್ನೇ ಕಣ್ಣಿಗೂ ಕೊಟ್ಟರೆ ಕಥೆ ಅಲ್ಲೇ ನಿಲ್ಲುತ್ತದೆ.

ಕಟ್ ಎಲ್ಲಿ?

ಹೆಚ್ಚಿನವರು ಎಡವುವುದು ಇಲ್ಲೇ. ಹಾಡು ದಾದ್ರಾ ತಾಳದಲ್ಲಿದೆ, ನಿಮಿಷಕ್ಕೆ 90 ಮಾತ್ರೆ (ತಾಳದ ಒಂದೊಂದು ಎಣಿಕೆ), ವಿಡಿಯೊ ಸೆಕೆಂಡಿಗೆ 24 ಫ್ರೇಮ್ ಎಂದಿಟ್ಟುಕೊಳ್ಳಿ. ಒಂದು ಮಾತ್ರೆಗೆ 16 ಫ್ರೇಮ್, 6 ಮಾತ್ರೆಯ ಒಂದು ಆವರ್ತಕ್ಕೆ (ತಾಳದ ಪೂರ್ತಿ ಸುತ್ತು) 96 ಫ್ರೇಮ್, ಅಂದರೆ 4 ಸೆಕೆಂಡ್. ಹಾಡು ಕೇಳುತ್ತ ಪ್ರತಿ ಸಮಕ್ಕೆ (ಆವರ್ತದ ಮೊದಲ ಮಾತ್ರೆ) 'ಎಂ' ಕೀಲಿ ಒತ್ತಿ ಮಾರ್ಕರ್ (ಗುರುತು) ಹಾಕಿ. ಕ್ಲಿಕ್ ಟ್ರ್ಯಾಕ್ (ಲಯ ಹಿಡಿದಿಡುವ ಟಿಕ್ ಟಿಕ್ ದನಿ) ಇಲ್ಲದೆ ನುಡಿಸಿದ ಹಾಡಾದರೆ ಈ ಲೆಕ್ಕ ನಂಬಬೇಡಿ, ಕಿವಿಯೇ ಗತಿ.

ಮಾರ್ಕರ್ ಇದೆಯೆಂದು ಅಲ್ಲೆಲ್ಲ ಕತ್ತರಿಸಬೇಕಿಲ್ಲ. ತಾಳಕ್ಕೆ ಕೂರಬೇಕಾದದ್ದು ದೃಶ್ಯದೊಳಗಿನ ಕ್ರಿಯೆ. ಬಸ್ಸಿನ ಬಾಗಿಲು ಬಡಿದುಕೊಳ್ಳುವ ಶಾಟ್ ತೆಗೆದುಕೊಳ್ಳಿ. ಬಾಗಿಲು ಚೌಕಟ್ಟಿಗೆ ತಾಗುವ ಆ ಒಂದು ಫ್ರೇಮ್ ಹುಡುಕಿ ಅದನ್ನು ಸಮದ ಮೇಲೆ ಕೂರಿಸಿ. ಶಾಟ್ ಮಾತ್ರ ಅದಕ್ಕಿಂತ 10-12 ಫ್ರೇಮ್ ಮೊದಲೇ ಶುರುವಾಗಲಿ. ಬಾಗಿಲು ಮುಚ್ಚಿಕೊಳ್ಳುತ್ತ ಬರುವುದು ಕಂಡರೇ ಪೆಟ್ಟಿಗೆ ತೂಕ. ಬಡಿದ ಮೇಲೂ ಒಂದು ಮಾತ್ರೆ ಅಲ್ಲೇ ಇರಿ, ಆಮೇಲೆ ತಾಯಿಯ ಮುಖಕ್ಕೆ ಬನ್ನಿ. ಪೆಟ್ಟಿನ ಮೇಲೆಯೇ ಮುಖಕ್ಕೆ ಹಾರಿದರೆ ಬಾಗಿಲೂ ದಕ್ಕುವುದಿಲ್ಲ, ಮುಖವೂ ದಕ್ಕುವುದಿಲ್ಲ.

ತಾಳದ ಮೇಲೇ ಕಟ್ ಬೇಕಾದ ಕಡೆ ಒಂದೆರಡು ಫ್ರೇಮ್ ಮುಂಚೆ ಮಾಡಿ. ಹೊಸ ಚಿತ್ರವನ್ನು ಹಿಡಿಯಲು ಕಣ್ಣಿಗೆ ಅಷ್ಟು ಹೊತ್ತು ಬೇಕು. ಆದರೆ ಅಷ್ಟೇ ಫ್ರೇಮ್ ತಡವಾದರೆ ತಪ್ಪು ಎದ್ದು ಕಾಣುತ್ತದೆ.

ಗಾಯಕಿ ಉಸಿರೆಳೆದುಕೊಳ್ಳುವುದನ್ನು ಕತ್ತರಿಸಿ ಎಸೆಯುವವರೇ ಬಹಳ. ಅದು ಚಿನ್ನ. ಪದ ಶುರುವಾಗುವ 8-10 ಫ್ರೇಮ್ ಮೊದಲು, ಉಸಿರಿನ ಮೇಲೆ ಅವರ ಮುಖಕ್ಕೆ ಬನ್ನಿ. ಬಾಯಿ ತೆರೆದಿರುವಾಗ ಬಂದರೆ ಜರ್ಕ್ ಹೊಡೆಯುತ್ತದೆ. ಸಾಲಿನ ಕೊನೆಯ ದೀರ್ಘ ಸ್ವರ ಮುಗಿದು ತುಟಿ ಸೇರುವ ತನಕ ಕದಲಬೇಡಿ.

ಶಾಟ್‌ನ ಉದ್ದವೇ ಭಾವ. ಪಲ್ಲವಿಯಲ್ಲಿ ಎರಡು ಆವರ್ತಕ್ಕೊಂದು ಶಾಟ್ ಇದ್ದರೆ ಮನಸ್ಸು ಭಾರವಾಗುತ್ತದೆ. ಹೊರಡುವ ಗಡಿಬಿಡಿಯ ಬಿಜಿಎಂನಲ್ಲಿ (ಹಿನ್ನೆಲೆ ಸಂಗೀತ) ಎರಡು ಮಾತ್ರೆಗೊಂದು ಬರಲಿ, ಪ್ರತಿ ಚಲನೆಯೂ ಮುಗಿಯುವ ಮೊದಲೇ ಕತ್ತರಿಸಿ.

ತಾಯಿಯ ಮುಖದಲ್ಲಿ ಕಣ್ಣೀರಿಲ್ಲ ಎಂದು ರೀಶೂಟ್ ಮಾಡಬೇಕಿಲ್ಲ. ನಿರ್ವಿಕಾರ ಮುಖವೊಂದನ್ನೇ ಸೂಪಿನ ಬಟ್ಟಲು, ಶವಪೆಟ್ಟಿಗೆಗಳ ಪಕ್ಕ ಇಟ್ಟರೆ ನೋಡುಗರು ಅದರಲ್ಲಿ ಹಸಿವು, ದುಃಖ ಕಾಣುತ್ತಾರೆಂಬುದು ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೊವ್ ಹೆಸರಿನಲ್ಲೇ ಪ್ರಸಿದ್ಧವಾದ ಪ್ರಯೋಗ. ಮುಖ, ಮಗಳು ಮರೆತುಹೋದ ಬುತ್ತಿಡಬ್ಬಿ, ಮತ್ತೆ ಅದೇ ಮುಖ. ಇಷ್ಟು ಸಾಕು.

ಸ್ಲೋ ಮೋಷನ್, ಬಣ್ಣ

ತುಟಿ ಹಾಡಿಗೆ ಕೂರಬೇಕು, ಸೆರಗು ನಿಧಾನ ಹಾರಬೇಕು ಎಂದಾದರೆ ಶೂಟಿಂಗಿನಲ್ಲೇ ಹಾಡನ್ನು ದುಪ್ಪಟ್ಟು ವೇಗದಲ್ಲಿ ನುಡಿಸಿ 48 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಬೇಕು. 24ರಲ್ಲಿ ತೆಗೆದದ್ದನ್ನು ಆಮೇಲೆ ಹಿಗ್ಗಿಸಿದರೆ ಚಿತ್ರ ತಡವರಿಸುತ್ತದೆ. ಆಪ್ಟಿಕಲ್ ಫ್ಲೋ (ನಡುವಿನ ಚಿತ್ರಗಳನ್ನು ತಂತ್ರಾಂಶವೇ ಊಹಿಸಿ ಸೇರಿಸುವ ಸೌಲಭ್ಯ) ಹಾಕಿದರೆ ಬೆರಳುಗಳು ಕರಗಿದಂತೆ ಕಾಣುತ್ತವೆ.

ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ 'ಸಿನಿಮ್ಯಾಟಿಕ್' ಲಟ್‌ಗಳು (ಸಿದ್ಧ ಬಣ್ಣದ ಫಿಲ್ಟರ್‌ಗಳು) ಹೆಚ್ಚಾಗಿ ಲಾಗ್ ದೃಶ್ಯಗಳಿಗೆ (ಬಣ್ಣ ಆಮೇಲೆ ತುಂಬಲೆಂದು ಪೇಲವವಾಗಿ ತೆಗೆದವು) ಮಾಡಿದವು. ಮಾಮೂಲಿ ಮೊಬೈಲ್ ವಿಡಿಯೊ ಮೇಲೆ ಹಾಕಿದರೆ ಮುಖ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಶಾಟ್ ಬದಲಿಸುವ ಎಫೆಕ್ಟ್‌ಗಳ ಟ್ರಾನ್ಸಿಶನ್ ಪ್ಯಾಕ್‌ಗಳನ್ನು ಡಿಲೀಟ್ ಮಾಡಿ. ಕಾಲ ಸರಿದದ್ದನ್ನು ಹೇಳಲು 24-36 ಫ್ರೇಮ್‌ನ ಒಂದು ಡಿಸಾಲ್ವ್ (ಒಂದು ಚಿತ್ರ ಕರಗಿ ಇನ್ನೊಂದು ಮೂಡುವುದು), ಅದೂ ಕೊಳಲಿನ ಕೊನೆಯ ಸ್ವರದ ಮೇಲೆ ಬಂದರೆ ಚೆಂದ.

ರೆಂಡರ್ ಆಗಿ ವಿಡಿಯೊ ಸಿದ್ಧವಾದ ಮೇಲೆ ಒಮ್ಮೆ ದನಿ ನಿಲ್ಲಿಸಿ ನೋಡಿ, ಕಥೆ ತಿಳಿಯದಿದ್ದರೆ ಹಾಳೆಗೆ ಹಿಂದಿರುಗಿ. ಕೊನೆಯ ಚರಣದ ಸಿಂಕನ್ನು ವೈರ್ ಇರುವ ಇಯರ್‌ಫೋನ್‌ನಲ್ಲೇ ಪರೀಕ್ಷಿಸಿ. ಬ್ಲೂಟೂತ್‌ನಲ್ಲಿ ದನಿ ತಡವಾಗಿ ತಲುಪುತ್ತದೆ. ಅದನ್ನು ನಂಬಿ ಸರಿಯಾಗಿದ್ದ ಸಿಂಕನ್ನೇ ಕೆಡಿಸಿಕೊಂಡವರು ಬೇಕಾದಷ್ಟು ಮಂದಿ.