ಹಸಿರು ದೀಪ ನಿಜ ಹೇಳಬೇಕಾದರೆ: ಮಿಲ್ಲಿನಲ್ಲಿ ದೀಪ, ಭೋಂಗಾ ಜೋಡಿಸುವ ಕ್ರಮ

ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದ ಒಂದು ದಾಲ್ ಮಿಲ್ಲಿನಿಂದ ಮಧ್ಯಾಹ್ನದ ಹೊತ್ತಿಗೆ ಫೋನ್ ಬಂತು. ಅಲ್ಲಿಯ ಪ್ಯಾನೆಲ್ ಕಟ್ಟಿಕೊಟ್ಟವನು ನಾನೇ. ಹೋಗಿ ಇಳಿದರೆ ರಬ್ಬರ್ ಸುಟ್ಟ ವಾಸನೆ ಗೇಟಿನಲ್ಲೇ ಮೂಗಿಗೆ ಬಡಿಯಿತು. ಕಾಳನ್ನು ಬಕೆಟ್ಟುಗಳಲ್ಲಿ ಮೇಲಕ್ಕೆ ಒಯ್ಯುವ ಎಲಿವೇಟರಿನ ಬುಡದಲ್ಲಿ ತೊಗರಿ ಚೋಕ್ ಆಗಿ, ಬಕೆಟ್ ಕಟ್ಟಿದ ಬೆಲ್ಟು ನಿಂತುಬಿಟ್ಟಿತ್ತು. ಮೇಲಿನ ಮೋಟಾರು ಮಾತ್ರ ತಿರುಗುತ್ತಲೇ ಇದ್ದದ್ದರಿಂದ ತುದಿಯ ಪುಲ್ಲಿ ನಿಂತ ಬೆಲ್ಟನ್ನು ಉಜ್ಜಿ ಉಜ್ಜಿ ಕಪ್ಪಾಗಿಸಿತ್ತು. ಸುತ್ತಲೂ ಹೊಟ್ಟಿನ ದೂಳು. ಕಾಳಿನ ಎಲಿವೇಟರುಗಳಲ್ಲಿ ಬೆಂಕಿ ಹತ್ತುವುದು ಎಷ್ಟೋ ಸಲ ಹೀಗೆಯೇ: ಜಾರುವ ಬೆಲ್ಟಿನ ಬಿಸಿ, ಪಕ್ಕದಲ್ಲಿ ದೂಳು.

“ಸರ, ಹಸಿರು ಲೈಟ್ ಹತ್ತಿತ್ರಿ. ಎಲಿವೇಟರ್ ನಡದದ ಅಂತ ತಿಳ್ಕೊಂಡು ನಾ ರೋಲರ್ ಕಡಿ ಹೋದೆ,” ಎಂದ ಆಪರೇಟರ್.

ಅವನು ಹೇಳಿದ್ದು ಖರೆ. ದೀಪ ಹತ್ತಿತ್ತು. ಆದರೆ ನಾನು ಆ ದೀಪವನ್ನು ಜೋಡಿಸಿದ್ದು ಕಾಂಟ್ಯಾಕ್ಟರಿಗೆ, ಅಂದರೆ ಮೋಟಾರಿಗೆ ಕರೆಂಟ್ ಹಾಯಿಸುವ ಸ್ವಿಚ್ಚಿಗೆ. ಮೋಟಾರಿಗೆ ಕರೆಂಟ್ ಹೋಗುತ್ತಿದೆ ಎಂಬಷ್ಟೇ ಅದಕ್ಕೆ ಗೊತ್ತು. ಬಕೆಟ್ಟುಗಳು ಕಾಳು ಹೊತ್ತು ಮೇಲೇರುತ್ತಿವೆಯೋ ಇಲ್ಲವೋ ಎಂಬುದು ಗೊತ್ತಿಲ್ಲ. ಪ್ಯಾನೆಲ್ ಮೇಲೆ ನಾನು ಬರೆಸಿದ್ದು ಮಾತ್ರ ‘ಎಲಿವೇಟರ್ ಚಾಲೂ’ ಎಂದು. ತಪ್ಪು ನನ್ನದೇ. ಅಂದಿನಿಂದ ಯಾವ ಮಿಲ್ಲಿಗೆ ಹೋದರೂ ಈ ಕೆಳಗಿನ ಕ್ರಮ ಬಿಟ್ಟಿಲ್ಲ. ಉದಾಹರಣೆ ದಾಲ್ ಮಿಲ್ಲಿನದು. ಶಹಾಬಾದದ ಕಲ್ಲು ಪಾಲಿಶ್ ಶೆಡ್ಡಿಗೂ ಯಾದಗಿರಿಯ ಹತ್ತಿ ಜಿನ್ನಿಂಗಿಗೂ ಇದೇ ನಡೆಯುತ್ತದೆ.

ಮೊದಲು ನೋಟ್‌ಬುಕ್, ಆಮೇಲೆ ಸ್ಕ್ರೂಡ್ರೈವರ್

ಮಿಲ್ಲು ನಡೆಯುತ್ತಿರುವಾಗ ಆಪರೇಟರ್ ಜೊತೆ ಒಂದು ಪೂರ್ತಿ ಪಾಳಿ ತಿರುಗಿ. ಕೆಡಬಹುದಾದ ಒಂದೊಂದನ್ನೂ ಬರೆದುಕೊಳ್ಳಿ. ಪ್ರತಿಯೊಂದರ ಮುಂದೆ ಐದು ಪ್ರಶ್ನೆ: ಏನಾಗುತ್ತದೆ? ಯಾರಿಗೆ ತಿಳಿಯಬೇಕು? ಆಗ ಅವನು ಎಲ್ಲಿ ನಿಂತಿರುತ್ತಾನೆ? ತಿಳಿದ ಮೇಲೆ ಏನು ಮಾಡಬೇಕು? ಅದಕ್ಕೆ ಎಷ್ಟು ಹೊತ್ತು ಸಿಗುತ್ತದೆ?

ಎಲಿವೇಟರ್ ಚೋಕ್ ಆದರೆ ಸಿಗುವ ಸಮಯ ಸೆಕೆಂಡುಗಳಲ್ಲಿ. ಅಷ್ಟರಲ್ಲಿ ಮನುಷ್ಯ ಓಡಿಬರಲಾರ. ಹಾಗಾಗಿ ಅಲ್ಲಿ ಯಂತ್ರ ತಾನೇ ನಿಲ್ಲಬೇಕು. ದೀಪ, ಭೋಂಗಾ (ಹೂಟರ್) ಇರುವುದು ‘ನಿಂತಿದೆ, ಬಾ’ ಎಂದು ಕರೆಯಲು. ಸಿಪ್ಪೆ ಸುಲಿಯುವ ರೋಲರ್ ಮೇಲಿನ ಹಾಪರ್, ಅಂದರೆ ಕಾಳಿನ ಡಬ್ಬ, ತುಂಬುತ್ತ ಬಂದರೆ ಕೆಲವು ನಿಮಿಷಗಳಿರುತ್ತವೆ. ಅಲ್ಲಿ ಹಳದಿ ದೀಪ ಸಾಕು. ಕೆಟ್ಟ ಕಾಳನ್ನು ಗಾಳಿಯಿಂದ ಊದಿ ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರಕ್ಕೆ ಗಾಳಿಯ ಒತ್ತಡ ಇಳಿದರೆ ಜೀವಕ್ಕೆ ಅಪಾಯವಿಲ್ಲ, ಆದರೆ ಕೆಟ್ಟ ಕಾಳು ಒಳ್ಳೆಯದರ ಜೊತೆ ಹೋಗುತ್ತದೆ, ಅದೂ ಹಳದಿಯೇ.

ನಾಲ್ಕನೇ ಪ್ರಶ್ನೆಗೆ ಉತ್ತರ ‘ಏನೂ ಮಾಡಬೇಕಿಲ್ಲ’ ಎಂದಾದರೆ ಆ ಸೂಚನೆಯನ್ನೇ ಹೊಡೆದುಹಾಕಿ. ಇದರಲ್ಲಿ ಮುಲಾಜು ಬೇಡ. ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಶುದ್ಧೀಕರಣ ಘಟಕದಲ್ಲಿ 1994ರ ಜುಲೈ 24ರಂದು ಸ್ಫೋಟವಾಗುವ ಮೊದಲಿನ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಅಲಾರಂಗಳು ಬಂದಿದ್ದವು. ಅಷ್ಟರಲ್ಲಿ ಯಾವುದನ್ನು ಓದುವುದು, ಯಾವುದನ್ನು ಬಿಡುವುದು? ಇಂಥ ಅನುಭವಗಳಿಂದ ಕಲಿತು ನಿಯಂತ್ರಣ ಕೊಠಡಿಗಳಿಗೆ ಹಾಕಿಕೊಂಡಿರುವ ಗುರಿ, ಒಬ್ಬ ಆಪರೇಟರಿಗೆ ಸಾಮಾನ್ಯ ದಿನದಲ್ಲಿ ಹತ್ತು ನಿಮಿಷಕ್ಕೆ ಸರಾಸರಿ ಒಂದೇ ಅಲಾರಂ. ನಮ್ಮ ಮಿಲ್ಲುಗಳಲ್ಲಿ ಅದಕ್ಕಿಂತಲೂ ಕಡಿಮೆ ಇರಬೇಕು, ಏಕೆಂದರೆ ಇಲ್ಲಿಯ ಆಪರೇಟರ್ ಪರದೆಯ ಮುಂದೆ ಕೂತಿರುವುದಿಲ್ಲ. ಒಂದು ಕೈಯಲ್ಲಿ ಪಾನಾ ಹಿಡಿದಿರುತ್ತಾನೆ, ಇನ್ನೊಂದರಲ್ಲಿ ಚಾಳಣಿ.

ದೀಪವನ್ನು ಯಾವುದಕ್ಕೆ ಜೋಡಿಸಬೇಕು

ಕೊಟ್ಟ ಹುಕುಂ ತೋರಿಸುವ ದೀಪ ಬೇರೆ, ನಡೆದ ಕೆಲಸ ತೋರಿಸುವ ದೀಪ ಬೇರೆ. ಅಮೆರಿಕದ ತ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ 1979ರ ಮಾರ್ಚ್ 28ರಂದು ಒಂದು ಕವಾಟ ತೆರೆದು ಸಿಕ್ಕಿಹಾಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಆರಿತ್ತು. ಕವಾಟ ಮುಚ್ಚಿದೆ ಎಂದು ಆಪರೇಟರುಗಳು ತಿಳಿದರು. ಅಸಲಿಗೆ ದೀಪ ಹೇಳುತ್ತಿದ್ದದ್ದು ‘ಮುಚ್ಚು ಎಂಬ ಸಂಕೇತ ಹೋಗಿದೆ’ ಎಂದಷ್ಟೇ. ರಿಯಾಕ್ಟರನ್ನು ತಂಪಾಗಿಡುವ ನೀರು ಸೋರುತ್ತಲೇ ಹೋಯಿತು, ರಿಯಾಕ್ಟರಿನ ಒಡಲು ಭಾಗಶಃ ಕರಗಿತು. ನನ್ನ ಎಲಿವೇಟರಿನ ಹಸಿರು ದೀಪ ಮಾಡಿದ್ದೂ ಅದೇ ಜಾತಿಯ ತಪ್ಪು.

ಸರಿಪಡಿಸಿದ್ದು ಹೀಗೆ. ಎಲಿವೇಟರಿನ ಮೋಟಾರು ಇರುವುದು ತುದಿಯಲ್ಲಿ. ಬುಡದ ಪುಲ್ಲಿಯನ್ನು ತಿರುಗಿಸುವುದು ಬೆಲ್ಟು. ಬೆಲ್ಟು ಹರಿದರೂ ಜಾರಿದರೂ ಮೊದಲು ನಿಲ್ಲುವುದು ಬುಡದ ಪುಲ್ಲಿ. ಆದ್ದರಿಂದ ಅದರ ಶಾಫ್ಟಿಗೆ ಒಂದು ಬೋಲ್ಟು ಬಿಗಿಸಿ, ಎದುರಿಗೆ ಲೋಹ ಹತ್ತಿರ ಬಂದರೆ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ಕೂರಿಸಿದೆ. ಸುತ್ತಿಗೊಮ್ಮೆ ಬೋಲ್ಟು ಎದುರಾದಾಗ ಸೆನ್ಸರಿನಿಂದ ಒಂದು ಪಲ್ಸ್ ಬರುತ್ತದೆ. ಮೋಟಾರು ಚಾಲೂ ಇದ್ದೂ ಪಲ್ಸುಗಳ ನಡುವಿನ ಅಂತರ ಗೊತ್ತುಮಾಡಿದ್ದಕ್ಕಿಂತ ಹೆಚ್ಚಾದರೆ ಮೋಟಾರು ಟ್ರಿಪ್, ಅಂದರೆ ತಾನೇ ನಿಲ್ಲುತ್ತದೆ. ಅದಕ್ಕೆ ಮಾಲು ಕೊಡುವ ಹಿಂದಿನ ಯಂತ್ರವೂ ಜೊತೆಗೇ ನಿಲ್ಲಬೇಕು, ಇಲ್ಲದಿದ್ದರೆ ಎಲಿವೇಟರ್ ಬುಡದ ಗುಂಡಿಯ ಮೇಲೆ ಇನ್ನಷ್ಟು ತೊಗರಿ ಸುರಿಯುತ್ತದೆ. ಈಗ ಹಸಿರು ದೀಪ ಹತ್ತುವುದು ಪಲ್ಸ್ ಬರುತ್ತಿದ್ದರೆ ಮಾತ್ರ.

ಇನ್ನೊಂದು ಮಾತು ಇಲ್ಲಿಯೇ. ಆರಿದ ದೀಪಕ್ಕೆ ‘ಎಲ್ಲ ಸರಿ ಇದೆ’ ಎಂಬ ಅರ್ಥ ಎಂದೂ ಕೊಡಬೇಡಿ. ಬಲ್ಬು ಹೋದರೂ, ವೈರು ಇಲಿ ಕಡಿದರೂ ದೀಪ ಆರುತ್ತದೆ. ಪ್ಯಾನೆಲ್ ಮೇಲೆ ‘ಲ್ಯಾಂಪ್ ಟೆಸ್ಟ್’ ಬಟನ್ ಒಂದಿರಲಿ. ಒತ್ತಿದರೆ ಎಲ್ಲ ದೀಪವೂ ಒಟ್ಟಿಗೆ ಹತ್ತಬೇಕು.

ಬಣ್ಣ

ಯಂತ್ರಗಳ ವಿದ್ಯುತ್ ಉಪಕರಣಕ್ಕಿರುವ ಅಂತರರಾಷ್ಟ್ರೀಯ ಮಾನದಂಡ ಐಇಸಿ 60204-1 ಬಣ್ಣಗಳನ್ನು ಹಂಚಿಕೊಟ್ಟಿದೆ. ಕೆಂಪು ಅಪಾಯ, ಈಗಲೇ ಏನಾದರೂ ಮಾಡು. ಹಳದಿ ಏನೋ ಸರಿಯಿಲ್ಲ, ಗಮನ ಕೊಡು. ಹಸಿರು ಎಂದಿನಂತೆ ನಡೆದಿದೆ. ನೀಲಿ ನೀನು ಕಡ್ಡಾಯವಾಗಿ ಮಾಡಬೇಕಾದ ಕೆಲಸ ಒಂದಿದೆ. ಬಿಳಿ ಬರೀ ಮಾಹಿತಿ. ಒಂದರ ಮೇಲೊಂದು ದೀಪ ಕೂರಿಸಿದ ಟವರ್ ಲೈಟಿನಲ್ಲಿ ಮೇಲಿನಿಂದ ಕೆಳಕ್ಕೆ ಕೆಂಪು, ಹಳದಿ, ನೀಲಿ, ಹಸಿರು, ಬಿಳಿ. ಈ ಜಾಗಗಳನ್ನು ಅದಲುಬದಲು ಮಾಡಬೇಡಿ. ಕೆಂಪು ಹಸಿರಿನ ವ್ಯತ್ಯಾಸ ತಿಳಿಯದ ಗಂಡಸರು ನಾವು ಎಣಿಸುವುದಕ್ಕಿಂತ ಹೆಚ್ಚು ಇದ್ದಾರೆ, ಎಷ್ಟೋ ಜನರಿಗೆ ಅದು ತಮಗೇ ಗೊತ್ತಿರುವುದಿಲ್ಲ. ಅವರು ನೋಡುವುದು ಬಣ್ಣವನ್ನಲ್ಲ, ‘ಮೇಲಿನದು ಹತ್ತಿದೆ’ ಎಂಬುದನ್ನು.

ನಮ್ಮ ಕಡೆ ಇದಕ್ಕೆ ಒಂದು ದೊಡ್ಡ ತೊಡಕು ಇದೆ. ಯಾವ ಪ್ಯಾನೆಲ್ ನೋಡಿದರೂ ಮೇಲ್ಗಡೆ ಕೆಂಪು, ಹಳದಿ, ನೀಲಿ ಮೂರು ದೀಪ ದಿನವಿಡೀ ಹತ್ತಿರುತ್ತವೆ. ಅವು ಮೂರು ಫೇಸ್, ಅಂದರೆ ಕರೆಂಟಿನ ಮೂರು ಲೈನು, ಬಂದಿವೆ ಎಂದು ತೋರಿಸುವ ದೀಪಗಳು. ಸಾಲದ್ದಕ್ಕೆ ಸ್ವಿಚ್‌ಗಿಯರ್ (ಕರೆಂಟ್ ಹಾಯಿಸುವ, ಕಡಿಯುವ ಸ್ವಿಚ್ಚುಗಳ) ಪದ್ಧತಿಯಲ್ಲಿ ಕೆಂಪು ಎಂದರೆ ‘ಚಾಲೂ’, ಹಸಿರು ಎಂದರೆ ‘ಬಂದ್’. ಬೆಳಗಿನಿಂದ ಸಂಜೆತನಕ ಕೆಂಪು ದೀಪ ನೋಡಿ ರೂಢಿಯಾದ ಕಣ್ಣಿಗೆ, ಅಪಾಯದ ಕೆಂಪು ಹತ್ತಿದಾಗ ಏನು ಬೇರೆ ಕಾಣುತ್ತದೆ? ಫೇಸ್ ದೀಪಗಳನ್ನು ಕರೆಂಟ್ ಒಳಬರುವ ಮೇನ್ ಪ್ಯಾನೆಲ್ಲಿನಲ್ಲೇ ಬಿಡಿ. ಆಪರೇಟರ್ ನಿಲ್ಲುವ ಕಡೆಯ ಪ್ಯಾನೆಲ್ಲಿಗೆ ತರಬೇಡಿ. ಅವನ ಎದುರು ಕೆಂಪು ಹತ್ತಿದರೆ ಅದಕ್ಕೆ ಒಂದೇ ಅರ್ಥ ಇರಲಿ.

ಎಮರ್ಜೆನ್ಸಿ ಸ್ವಿಚ್ ಅಣಬೆ ಆಕಾರದ ಕೆಂಪು ಬಟನ್, ಹಿಂದೆ ಹಳದಿ. ಆ ಜೋಡಿಯನ್ನು ಬೇರೆ ಯಾವುದಕ್ಕೂ ಬಳಸುವಂತಿಲ್ಲ.

ಮಿನುಗುವ ದೀಪವನ್ನು ಹೊಸ ಸುದ್ದಿಗೆ ಮೀಸಲಿಡಿ. ತೊಂದರೆ ಬಂದಾಗ ಮಿನುಗಬೇಕು, ಆಪರೇಟರ್ ‘ನೋಡಿದೆ’ ಎಂದು ಬಟನ್ ಒತ್ತಿದರೆ ಸ್ಥಿರವಾಗಿ ಉರಿಯಬೇಕು, ತೊಂದರೆ ಹೋದ ಮೇಲಷ್ಟೇ ಆರಬೇಕು. ತುರ್ತಿನದಕ್ಕೆ ನಿಮಿಷಕ್ಕೆ 84ರಿಂದ 168 ಮಿನುಗು. ಅದಕ್ಕಿಂತ ಜೋರಾದರೆ ಕಣ್ಣಿಗೆ ಹಿಂಸೆ.

ಇನ್ನು ಜಾಗ. ನಮ್ಮ ಶೆಡ್ಡುಗಳ ಬಾಗಿಲು ತೊಗರಿ ಒಣಹಾಕುವ ಅಂಗಳಕ್ಕೆ ತೆರೆದಿರುತ್ತವೆ. ಏಪ್ರಿಲ್ ಮಧ್ಯಾಹ್ನ ಆ ಬಾಗಿಲಿನ ಪಕ್ಕ ದೀಪ ಹಾಕಿದರೆ ಹತ್ತಿದ್ದೂ ಆರಿದ್ದೂ ಒಂದೇ ಥರ ಕಾಣುತ್ತದೆ. ಬಿಸಿಲಿಗೆ ಬೆನ್ನು ಮಾಡಿದ ಗೋಡೆ ಆರಿಸಿ, ದೀಪಕ್ಕೆ ಮೇಲೊಂದು ತಗಡಿನ ಟೋಪಿ ಹಾಕಿ. ದೀಪದ ಮೇಲೆ ದೂಳು ಕೂತರೆ ಹಳದಿ ಕೂಡ ಮಸಕು ಕೆಂಪಾಗುತ್ತದೆ. ದಿನಾ ಮಷೀನು ಒರೆಸುವ ಬಟ್ಟೆ ಅದರ ಮೇಲೂ ಒಮ್ಮೆ ಆಡಲಿ.

ಭೋಂಗಾ

ಬಟ್ಟೆ ಗಿರಣಿಗಳ ಕಾಲದಿಂದ ನಮ್ಮ ಬಾಯಲ್ಲಿ ಭೋಂಗಾ ಎಂದೇ ಇದೆ, ಅಂಗಡಿಯಲ್ಲಿ ಹೂಟರ್ ಎಂದು ಕೇಳಿ. ಅಂಗಡಿಯವರು ಕೊಡುವುದು ಅತಿ ಜೋರಿನದನ್ನು. ಅದನ್ನು ತರುವ ಮೊದಲು ಒಂದು ಸಣ್ಣ ಲೆಕ್ಕ ಮಾಡಿ.

ಅಪಾಯದ ಸದ್ದುಗಳ ಮಾನದಂಡ ಐಎಸ್ಒ 7731. ಅದರ ಪ್ರಕಾರ ಭೋಂಗಾದ ಸದ್ದು ಕೇಳುವವನ ಕಿವಿಯ ಬಳಿ 65 ಡೆಸಿಬೆಲ್‌ಗಿಂತ ಕಡಿಮೆ ಇರಬಾರದು, ಸುತ್ತಲಿನ ಗದ್ದಲಕ್ಕಿಂತ 15 ಡೆಸಿಬೆಲ್ ಮೇಲಿರಬೇಕು, 118 ಮೀರಬಾರದು. ಎಲಿವೇಟರ್ ಬುಡದಲ್ಲಿ ಗದ್ದಲ 85 ಎಂದಿಟ್ಟುಕೊಳ್ಳಿ. ಬೇಕಾದದ್ದು 100. ಡಬ್ಬಿಯ ಮೇಲೆ 110 ಎಂದು ಬರೆದಿದೆ, ಸಾಕೇ ಸಾಕು ಎನ್ನಿಸುತ್ತದೆ. ಆದರೆ ಆ 110 ಒಂದು ಮೀಟರ್ ದೂರದಲ್ಲಿ ಅಳೆದದ್ದು. ಬಯಲಲ್ಲಿ ದೂರ ಎರಡು ಪಟ್ಟು ಆದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ: 2 ಮೀಟರಿಗೆ 104, 4ಕ್ಕೆ 98, 8ಕ್ಕೆ 92. ಶೆಡ್ಡಿನೊಳಗೆ ಗೋಡೆಗಳ ಪ್ರತಿಧ್ವನಿಯಿಂದ ಇಳಿತ ತುಸು ಕಡಿಮೆ, ಆದರೆ ಅದನ್ನು ನೆಚ್ಚಿಕೊಳ್ಳಬೇಡಿ. ಛಾವಣಿಯ ಮೇಲಿನ ಒಂದು ದೊಡ್ಡ ಭೋಂಗಾಕ್ಕಿಂತ ಆಪರೇಟರ್ ಇರುವ ಎರಡು ಮೂರು ಕಡೆ ಸಣ್ಣವು ಮೇಲು. ಅಂಗಳದ ಹಮಾಲರ ಕಿವಿಯೂ ಉಳಿಯುತ್ತದೆ. ಗದ್ದಲ 100 ಮೀರುವ ಕಡೆ ಸದ್ದನ್ನೊಂದೇ ನಂಬದೆ ಜೊತೆಗೆ ದೀಪ ಇರಲೇಬೇಕು. ಅಳತೆಗೆ ಸೌಂಡ್ ಲೆವೆಲ್ ಮೀಟರ್ ತನ್ನಿ. ಮೊಬೈಲ್ ಆ್ಯಪ್ ಅಂದಾಜಿಗಷ್ಟೇ.

ಜೋರಿಗಿಂತಲೂ ಸ್ವರ ಮುಖ್ಯ. ವರ್ಷಾನುಗಟ್ಟಲೆ ಗದ್ದಲದಲ್ಲಿ ದುಡಿದವರ ಕಿವಿ ಮೊದಲು ಸೋಲುವುದು 4000 ಹರ್ಟ್ಸ್ ಆಸುಪಾಸಿನ ಕೀರಲು ಸ್ವರಕ್ಕೆ. ಇಪ್ಪತ್ತು ವರ್ಷ ರೋಲರ್ ಪಕ್ಕ ನಿಂತ ಹಿರಿಯ ಆಪರೇಟರಿಗೆ ‘ಕೀಂ’ ಎನ್ನುವ ಬಝರ್ ಹಾಕಿಕೊಟ್ಟರೆ ಅದು ಅವರಿಗೆ ಇದ್ದೂ ಇಲ್ಲದ ಹಾಗೆ. ಕಿವಿಗೆ ಇಯರ್ ಮಫ್ ಹಾಕಿದವರಿಗೂ ಕೀರಲು ಸ್ವರವೇ ಹೆಚ್ಚು ಮುಚ್ಚಿಹೋಗುತ್ತದೆ. ಸದ್ದಿನ ಬಲವೆಲ್ಲ 500ರಿಂದ 1500 ಹರ್ಟ್ಸ್ ನಡುವೆ ಇರುವಂಥದನ್ನು ಆರಿಸಿ.

ಮಿಲ್ಲಿಗೆಲ್ಲ ಮೂರು ಸದ್ದು ಸಾಕು, ಮೂರೂ ಲಯದಿಂದಲೇ ಬೇರೆ ತಿಳಿಯಬೇಕು. ತೊಂದರೆಗೆ ಬಿಟ್ಟು ಬಿಟ್ಟು ಬರುವ ಸದ್ದು. ಯಂತ್ರ ಶುರುವಾಗುವ ಮೊದಲು ಎಡೆಬಿಡದ ಸದ್ದು. ಬೆಂಕಿಗೆ, ಎಲ್ಲರೂ ಹೊರಗೆ ಹೋಗಲು, ಐಎಸ್ಒ 8201 ಹೇಳುವ ಲಯ: ಅರ್ಧ ಅರ್ಧ ಸೆಕೆಂಡಿನ ಮೂರು ಕೂಗು, ನಡುವೆ ಅರ್ಧ ಸೆಕೆಂಡು ಮೌನ, ಮೂರಾದ ಮೇಲೆ ಒಂದೂವರೆ ಸೆಕೆಂಡು ಮೌನ, ಮತ್ತೆ ಮೊದಲಿನಿಂದ. ಈ ಬೆಂಕಿಯ ಭೋಂಗಾಕ್ಕೆ ಬ್ಯಾಟರಿ ಕಡ್ಡಾಯ.

ಶುರುವಾಗುವ ಮೊದಲಿನ ಸದ್ದಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಪ್ಯಾನೆಲ್ ಇರುವ ಕಡೆಯಿಂದ ಎಲಿವೇಟರ್ ಗುಂಡಿ ಕಾಣುವುದಿಲ್ಲ. ಗುಂಡಿಯೊಳಗೆ ಬಗ್ಗಿ ಕಾಳು ತೆಗೆಯುತ್ತಿರುವ ಹುಡುಗ ಕಾಣುವುದಿಲ್ಲ. ಸ್ಟಾರ್ಟ್ ಬಟನ್ನಿಗೂ ಮೋಟಾರಿಗೂ ನಡುವೆ ಟೈಮರ್ ಹಾಕಿ: ಬಟನ್ ಒತ್ತಿದರೆ ಮೊದಲು ಹತ್ತು ಸೆಕೆಂಡು ಭೋಂಗಾ, ಗುಂಡಿಯ ಪಕ್ಕದ ದೀಪ ಮಿನುಗು, ಆಮೇಲಷ್ಟೇ ಮೋಟಾರು. ಆ ಹತ್ತು ಸೆಕೆಂಡಿನಲ್ಲಿ ಯಾರಾದರೂ ತಡೆಯಲು ಗುಂಡಿಯ ಪಕ್ಕದಲ್ಲೇ ಎಮರ್ಜೆನ್ಸಿ ಸ್ವಿಚ್ ಇರಲಿ. ಕರೆಂಟ್ ಹೋಗಿ ಬಂದಾಗ ಯಾವ ಯಂತ್ರವೂ ತಾನಾಗಿ ಶುರುವಾಗಬಾರದು. ಇಷ್ಟೆಲ್ಲ ಇದ್ದರೂ ಭೋಂಗಾವನ್ನು ನಂಬಿ ಯಾರನ್ನೂ ಗುಂಡಿಗೆ ಇಳಿಸಬೇಡಿ. ಕರೆಂಟ್ ಪೂರ್ತಿ ಕಡಿಯುವ ಸ್ವಿಚ್ಚಾದ ಐಸೊಲೇಟರ್ ಇಳಿಸಿ, ಬೀಗ ಹಾಕಿ, ಕೀಲಿ ಇಳಿಯುವವನ ಜೇಬಿನಲ್ಲಿರಲಿ.

ಭೋಂಗಾದ ಬಾಯಿಗೆ ಬಟ್ಟೆ ತುರುಕಿದ್ದು ಕಂಡರೆ ಆಪರೇಟರನ್ನು ಬೈಯಬೇಡಿ. ಅದು ಬೇಡದ ಹೊತ್ತಲ್ಲಿ ಕೂಗುತ್ತಿದೆ, ಇಲ್ಲವೇ ನಿಲ್ಲಿಸಲು ದಾರಿ ಇಲ್ಲ. ಸದ್ದು ನಿಲ್ಲಿಸುವ ಬಟನ್ ಕೊಡಿ. ಸದ್ದು ನಿಂತರೂ ದೀಪ ಆರದಿರಲಿ.

ಹೊಸ ತೊಗರಿ ಬರುವ ಮೊದಲು

ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಆಸುಪಾಸಿಗೆ ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ಹೊಸ ತೊಗರಿ ಬರತೊಡಗುತ್ತದೆ, ಮಿಲ್ಲುಗಳಿಗೆ ಹೊಸ ಆಳುಗಳೂ ಬರುತ್ತಾರೆ. ಕನ್ನಡ, ಉರ್ದು, ಹಿಂದಿ, ತೆಲುಗು ಎಲ್ಲ ಒಂದೇ ಶೆಡ್ಡಿನಲ್ಲಿ. ಪ್ರತಿ ದೀಪದ ಕೆಳಗೆ ಚಿತ್ರ ಇರಲಿ, ಅದರ ಕೆಳಗೆ ಆ ಮಿಲ್ಲಿನವರು ಓದುವ ಭಾಷೆಗಳಲ್ಲಿ ಎರಡೇ ಪದ, ಮಾಡಬೇಕಾದ ಕೆಲಸದ ಹೆಸರು. ‘ಓವರ್‌ಲೋಡ್ ಫಾಲ್ಟ್’ ಎನ್ನುವುದಕ್ಕಿಂತ ‘ಗುಂಡಿ ನೋಡು’ ಎಂಬುದು ಕೂಡಲೇ ತಿಳಿಯುತ್ತದೆ.

ಆಮೇಲೆ ಪರೀಕ್ಷೆ. ಮಿಲ್ಲು ಪೂರ್ತಿ ನಡೆಯುತ್ತಿರಲಿ, ಆಪರೇಟರ್ ತನ್ನ ಜಾಗದಲ್ಲಿ ಎಂದಿನ ಕೆಲಸದಲ್ಲಿರಲಿ. ಮುನ್ಸೂಚನೆ ಕೊಡದೆ ಒಂದೊಂದೇ ಸೂಚನೆ ಹಚ್ಚಿ, ಏನು ಮಾಡುತ್ತಾನೆ ನೋಡಿ. ತಿರುಗಿ ನೋಡದಿದ್ದರೆ ಜಾಗ ತಪ್ಪು. ನೋಡಿ ‘ಏನಿದು?’ ಎಂದು ಕೇಳಿದರೆ ಸೂಚನೆ ತಪ್ಪು. ಕಪನೂರಿನ ಆ ಮಿಲ್ಲಿನಲ್ಲಿ ಟವರ್ ಲೈಟನ್ನು ಪ್ಯಾನೆಲ್ ನೆತ್ತಿಯ ಮೇಲೆ ಹಾಕಿದ್ದೆ. ಅದೇ ಆಪರೇಟರ್ ರೋಲರ್ ಹತ್ತಿರ ನಿಂತು, “ಸರ, ಇಲ್ಲಿಂದ ಚೀಲದ ಥಪ್ಪಿ ಅಡ್ಡ ಬರ್ತದ್ರಿ, ಆ ಕಂಬಕ್ಕ ಹಚ್ಚರಿ,” ಎಂದ. ನಾನು ನೋಡಿದಾಗ ಆ ಜಾಗ ಖಾಲಿ ಇತ್ತು. ಸೀಜನ್ನಿನಲ್ಲಿ ಚೀಲ ಎಷ್ಟು ಎತ್ತರಕ್ಕೆ ಏರುತ್ತವೆ ಎಂಬುದು ಅವನಿಗೆ ಗೊತ್ತಿತ್ತು. ದೀಪ ಈಗ ಆ ಕಂಬದ ಮೇಲಿದೆ. ಪಾಳಿ ಶುರುವಾಗುವಾಗ ಲ್ಯಾಂಪ್ ಟೆಸ್ಟ್ ಒತ್ತಿ, ಯಾವ ದಿನ ಯಾರು ನೋಡಿದರು ಎಂದು ಪ್ಯಾನೆಲ್ ಬಾಗಿಲ ಒಳಗೆ ಅಂಟಿಸಿದ ಕಾರ್ಡಿನಲ್ಲಿ ಅವನೇ ಬರೆದಿಡುತ್ತಾನೆ.